ಎಣ್ಣೆ ತಿನ್ನುವ ಮಣ್ಣು



ಇವತ್ತು ನಾವು ಮಣ್ಣಿನ ಬಗ್ಗೆ ಮಾತಾಡೋಣ. ಮಣ್ಣಿನ ವಿಚಾರ ನಿಮಗೆ ನಾವೇನು ಹೇಳುವುದು? ಬಿತ್ತುವವರು ನೀವು. ಕಳೆ ಕೀಳುವವರು ನೀವು. ಒಲೆಗೆ ಮಣ್ಣು ಮೆತ್ತುವವರೂ ನೀವೇ. ಆದರೆ ಮಣ್ಣಿನ ಒಳಗೆ ಕಣ್ಣಿಗೆ ಕಾಣದ ಒಂದು ಕೆಲಸ ನಡೆಯುತ್ತದೆ. ಅದರ ಮಾತು ಇದು.

ಹೋದ ಸಲ ಸೇರಿದ್ದಾಗ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದ್ದರು. "ನಮ್ಮ ಡೀಸೆಲ್ ಪಂಪು ಇಡೋ ಜಾಗದಲ್ಲಿ ಮಣ್ಣು ಕಪ್ಪಾಗಿದೆ. ಅಲ್ಲಿ ಹುಲ್ಲು ಕೂಡ ಹುಟ್ಟಲ್ಲ. ಬಾವಿ ಅಲ್ಲಿಂದ ಹತ್ತೇ ಮಾರು. ಚೆಲ್ಲಿದ ಎಣ್ಣೆ ಎಲ್ಲಿಗೆ ಹೋಗುತ್ತೆ?" ಅಂದರು. ಆವತ್ತು ನಾವು ಸರಿಯಾಗಿ ಉತ್ತರ ಹೇಳಲಿಲ್ಲ. ಸುಮ್ಮನೆ "ಮಣ್ಣು ಹೀರಿಕೊಳ್ಳುತ್ತೆ" ಅಂದುಬಿಟ್ಟೆವು. ಮನೆಗೆ ಹೋದ ಮೇಲೆ ಆ ಮಾತು ನಮ್ಮನ್ನೇ ಕೊರೆಯಿತು. ಹೀರಿಕೊಂಡದ್ದು ಮಾಯವಾಗುತ್ತದೆಯೇ? ಓದಿ ತಿಳಿದುಕೊಂಡು ಬಂದಿದ್ದೇವೆ. ಸ್ವಲ್ಪ ಉದ್ದದ ಕತೆ. ಬೇಸರ ಮಾಡಬೇಡಿ.

ಮೊದಲು ಅಡುಗೆ ಮನೆಗೆ ಹೋಗೋಣ. ರಾತ್ರಿ ಹಾಲಿಗೆ ಒಂದು ಚಮಚ ಮೊಸರು ಹಾಕುತ್ತೀರಿ. ಬೆಳಗ್ಗೆ ಇಡೀ ಪಾತ್ರೆ ಮೊಸರಾಗಿರುತ್ತದೆ. ದೋಸೆ ಹಿಟ್ಟು ರುಬ್ಬಿ ಇಡುತ್ತೀರಿ. ಬೆಳಗ್ಗೆ ಉಕ್ಕಿ ಮೇಲೆ ಬಂದಿರುತ್ತದೆ. ಚಳಿಗಾಲದಲ್ಲಿ ಮಾತ್ರ ಬೇಗ ಹುಳಿ ಬರುವುದಿಲ್ಲ. ಇದನ್ನು ಮಾಡುವುದು ಯಾರು? ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಮೊಸರಿನ ಜೀವಿಗಳಿಗೆ ಬ್ಯಾಕ್ಟೀರಿಯಾ ಎಂದು ಹೆಸರು. ಬ್ಯಾಕ್ಟೀರಿಯಾ ಅಂದ ಕೂಡಲೇ ಕಾಯಿಲೆ ನೆನಪಾಗುತ್ತೆ. ಕಾಯಿಲೆ ತರುವಂಥವೂ ಇವೆ, ನಿಜ. ಆದರೆ ಹೆಚ್ಚಿನವು ನಮ್ಮ ಗೊಡವೆಗೆ ಬರುವುದಿಲ್ಲ. ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತವೆ.

ಮಣ್ಣಿನಲ್ಲಿ ಇಂಥ ಜೀವಿಗಳು ಎಷ್ಟಿವೆ ಗೊತ್ತಾ? ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಇವೆ. ತಿಪ್ಪೆಗೆ ಹಾಕಿದ ಸಗಣಿ, ಕಸ, ಸೊಪ್ಪು ಕೊಳೆತು ಗೊಬ್ಬರ ಆಗುವುದು ಇವುಗಳಿಂದಲೇ. ಎಲ್ಲವೂ ಒಂದೇ ಜಾತಿಯವಲ್ಲ. ಎಲೆ ತಿನ್ನುವವು ಬೇರೆ, ಮೂಳೆ ಕರಗಿಸುವವು ಬೇರೆ. ಅವುಗಳ ನಡುವೆ ಎಣ್ಣೆ ತಿನ್ನುವವೂ ಇವೆ! ಅಡುಗೆ ಎಣ್ಣೆ ಅಲ್ಲ. ಡೀಸೆಲ್, ಸೀಮೆ ಎಣ್ಣೆ, ನೆಲದಿಂದ ತೆಗೆದ ಕಚ್ಚಾ ಎಣ್ಣೆ.

ನಂಬಿಕೆ ಬರುವುದಿಲ್ಲ ಅಲ್ಲವೇ? ನಮಗೂ ಬಂದಿರಲಿಲ್ಲ. ಡೀಸೆಲ್ ಅಂದರೆ ವಿಷ. ಅದನ್ನು ತಿಂದು ಬದುಕುವುದು ಹೇಗೆ? ಹೀಗೆ ಯೋಚಿಸಿ. ನೆಲದಡಿಯ ಎಣ್ಣೆ ಹುಟ್ಟಿದ್ದು ಜೀವಿಗಳಿಂದ. ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿ ಸಣ್ಣ ಪಾಚಿ, ಸಣ್ಣ ಜೀವಿಗಳು ಇದ್ದವು. ಅವು ಸತ್ತು ಕೆಸರಿನಲ್ಲಿ ಹೂತವು. ಮೇಲಿನ ಭಾರಕ್ಕೆ, ಒಳಗಿನ ಬಿಸಿಗೆ ಬೆಂದು ಎಣ್ಣೆಯಾದವು. ಆ ಎಣ್ಣೆ ಕೆಲವು ಕಡೆ ತಾನಾಗಿಯೇ ಬಂಡೆಯ ಬಿರುಕಿನಿಂದ ಒಸರುತ್ತದೆ. ಮನುಷ್ಯ ಬಾವಿ ಕೊರೆಯುವ ಮೊದಲೇ ಒಸರುತ್ತಿತ್ತು. ಆಹಾರ ಇದ್ದ ಕಡೆ ತಿನ್ನುವವರು ಹುಟ್ಟಿಕೊಂಡರು. ಅಷ್ಟೆ.

ಈ ಜೀವಿಗಳಿಗೆ ಬಾಯಿ ಇಲ್ಲ, ಹಲ್ಲು ಇಲ್ಲ. ಎಣ್ಣೆ ಹನಿಯ ಮೈಗೆ ಅಂಟಿಕೊಳ್ಳುತ್ತವೆ. ಕೆಲವು ಸೋಪಿನಂಥ ಒಂದು ರಸ ಬಿಡುತ್ತವೆ. ಜಿಡ್ಡು ಪಾತ್ರೆಗೆ ಸೋಪು ಹಾಕಿದರೆ ಜಿಡ್ಡು ಬಿಡುವುದಿಲ್ಲವೇ, ಹಾಗೆ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ. ಆಮೇಲೆ ಗಾಳಿಯಲ್ಲಿರುವ ಆಮ್ಲಜನಕ ಸೇರಿಸಿ ಅದನ್ನು ಮುರಿಯುತ್ತವೆ. ಕೊನೆಗೆ ಉಳಿಯುವುದು ನೀರು, ಮತ್ತೆ ನಾವು ಉಸಿರು ಬಿಡುವಾಗ ಹೊರಗೆ ಬರುವಂಥ ಇಂಗಾಲದ ಗಾಳಿ. ಅಷ್ಟರಲ್ಲಿ ಆ ಜೀವಿಗಳು ಬೆಳೆದು ಒಂದು ಎರಡಾಗಿರುತ್ತದೆ, ಎರಡು ನಾಲ್ಕಾಗಿರುತ್ತದೆ. ಎಣ್ಣೆ ಮುಗಿದರೆ ಅವುಗಳ ಸಂಖ್ಯೆಯೂ ಇಳಿಯುತ್ತದೆ.

ಹಾಗಾದರೆ ಪಂಪಿನ ಜಾಗ ಇನ್ನೂ ಏಕೆ ಕಪ್ಪಾಗಿದೆ? ತಿನ್ನುವವರು ಅಲ್ಲೇ ಇದ್ದರೂ ಏಕೆ ತಿಂದು ಮುಗಿಸಿಲ್ಲ? ಇದಕ್ಕೆ ಉತ್ತರ ಬೇಕಾದರೆ ದೂರದ ಒಂದು ಸಮುದ್ರ ದಂಡೆಗೆ ಹೋಗಬೇಕು. ಎಣ್ಣೆ ತಿನ್ನುವ ಜೀವಿಗಳ ವಿಚಾರ ಜನ ಚೆನ್ನಾಗಿ ಕಲಿತದ್ದು ಅಲ್ಲಿ.

ಅಮೆರಿಕ ದೇಶಕ್ಕೆ ಸೇರಿದ ಅಲಾಸ್ಕ ಎಂಬ ನಾಡಿದೆ. ತುಂಬಾ ಉತ್ತರಕ್ಕಿದೆ. ಹಿಮ ಬೀಳುವ ಸೀಮೆ. 1989ರ ಮಾರ್ಚ್ 24. ನಡುರಾತ್ರಿ ಕಳೆದಿತ್ತು. ಎಕ್ಸಾನ್ ವಾಲ್ಡೀಸ್ ಎಂಬ ದೊಡ್ಡ ಹಡಗು ಕಚ್ಚಾ ಎಣ್ಣೆ ತುಂಬಿಕೊಂಡು ಹೊರಟಿತ್ತು. ದಾರಿ ತಪ್ಪಿ ನೀರೊಳಗಿನ ಬಂಡೆಗೆ ಬಡಿಯಿತು. ಹೊಟ್ಟೆ ಹರಿಯಿತು. ಸುಮಾರು 4 ಕೋಟಿ 10 ಲಕ್ಷ ಲೀಟರ್ ಎಣ್ಣೆ ಸಮುದ್ರಕ್ಕೆ ಹೋಯಿತು. ನಮ್ಮ ರಸ್ತೆಯ ಟ್ಯಾಂಕರ್ ಲಾರಿ ಒಂದಕ್ಕೆ 12 ಸಾವಿರ ಲೀಟರ್ ಅಂತ ಇಟ್ಟುಕೊಳ್ಳಿ. ಅಂಥ 3 ಸಾವಿರಕ್ಕೂ ಹೆಚ್ಚು ಲಾರಿಯ ಎಣ್ಣೆ ಅದು.

ಗಾಳಿ ಬೀಸಿತು. ಎಣ್ಣೆ ಹರಡಿತು. ಸುಮಾರು 2,100 ಕಿಲೋಮೀಟರ್ ದಂಡೆಗೆ ಅಲ್ಲಲ್ಲಿ ಎಣ್ಣೆ ಮೆತ್ತಿತು. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿ 300 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದರ ಆರು ಪಟ್ಟು! ಸತ್ತ ಕಡಲ ಹಕ್ಕಿಗಳು ಸುಮಾರು ಎರಡೂವರೆ ಲಕ್ಷ ಎಂದು ಅಂದಾಜು. ಸಮುದ್ರದ ನೀರುನಾಯಿಗಳು ಸುಮಾರು 2,800 ಸತ್ತವು. ಆ ದಂಡೆಯಲ್ಲಿ ಮೂಲ ನಿವಾಸಿಗಳ ಸಣ್ಣ ಹಳ್ಳಿಗಳಿದ್ದವು. ಅವರು ಅಂಗಡಿಯಿಂದ ತಂದು ತಿನ್ನುವುದು ಕಡಿಮೆ. ಮೀನು, ಚಿಪ್ಪು, ಸೀಲ್ ಎಂಬ ಪ್ರಾಣಿ, ಇವೇ ಊಟ. ಅಂಥವರು ತಮ್ಮ ಸಮುದ್ರದ ಮೀನು ತಿನ್ನಲು ಹೆದರುವ ಹಾಗಾಯಿತು. ಮಕ್ಕಳಿಗೆ ಇದನ್ನು ಕೊಡಬಹುದೇ, ಬೇಡವೇ? ಆ ಹಳ್ಳಿಯ ತಾಯಂದಿರ ಚಿಂತೆ ನಮ್ಮ ಅಕ್ಕನ ಬಾವಿಯ ಚಿಂತೆಯಂಥದೇ.

ಬೇಸಿಗೆಯಲ್ಲಿ ಸಾವಿರಾರು ಜನ ದಂಡೆ ತೊಳೆಯಲು ಇಳಿದರು. ಕೈಯಲ್ಲಿ ಕಲ್ಲು ಒರೆಸಿದರು. ದೊಡ್ಡ ಪೈಪಿನಲ್ಲಿ ಬಿಸಿನೀರು ಜೋರಾಗಿ ಹೊಡೆದರು. ಎಣ್ಣೆ ಹೋಯಿತು. ಆದರೆ ಆ ಬಿಸಿನೀರಿಗೆ ಕಲ್ಲಿನ ಮೇಲಿದ್ದ ಚಿಪ್ಪು, ಪಾಚಿ, ಹುಳಗಳೂ ಬೆಂದುಹೋದವು. ಹಾಗೆ ತೊಳೆದ ಜಾಗ ಚೇತರಿಸಿಕೊಳ್ಳಲು ತೊಳೆಯದ ಜಾಗಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅವಸರದಲ್ಲಿ ಉಜ್ಜಿದರೆ ಪಾತ್ರೆಯ ಕಲಾಯಿಯೇ ಹೋಗುವ ಹಾಗೆ.

ಆಗ ಕೆಲವು ವಿಜ್ಞಾನಿಗಳು ದಂಡೆಯ ಕಲ್ಲುಮಣ್ಣು ತೆಗೆದು ನೋಡಿದರು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅಲ್ಲಿ ಮೊದಲೇ ಇದ್ದವು. ಎಣ್ಣೆ ಬಿದ್ದ ಮೇಲೆ ಸಾವಿರಾರು ಪಟ್ಟು ಹೆಚ್ಚಾಗಿದ್ದವು. ಯಾರೂ ತಂದು ಬಿಟ್ಟದ್ದಲ್ಲ. ಆದರೂ ಕೆಲಸ ನಿಧಾನ. ಏಕೆಂದರೆ ಬರೀ ಎಣ್ಣೆ ಇದ್ದರೆ ಸಾಲದು. ಬರೀ ಮುದ್ದೆ ಎಷ್ಟು ದಿನ ನುಂಗುತ್ತೀರಿ? ಸಾರು ಬೇಕು, ಉಪ್ಪು ಬೇಕು. ಈ ಜೀವಿಗಳಿಗೂ ಸಾರಜನಕ ಮತ್ತು ರಂಜಕ ಎಂಬ ಎರಡು ವಸ್ತು ಬೇಕು. ಎಣ್ಣೆಯಲ್ಲಿ ಅವು ಸಾಕಷ್ಟು ಇರುವುದಿಲ್ಲ. ನಿಮಗೆ ಈ ಎರಡೂ ಗೊತ್ತು. ಯೂರಿಯಾ ಚೀಲದಲ್ಲಿ ಇರುವುದು ಸಾರಜನಕ. ಡಿ.ಎ.ಪಿ. ಚೀಲದಲ್ಲಿ ಎರಡೂ ಇವೆ.

ಸರಿ, ದಂಡೆಗೆ ಗೊಬ್ಬರ ಹಾಕೋಣ ಅಂದರು. ಕಲ್ಲಿಗೆ ಗೊಬ್ಬರವೇ? ಎಂದು ನಕ್ಕವರೂ ಇದ್ದರು. ಒಂದು ತುಂಡು ದಂಡೆಗೆ ಗೊಬ್ಬರ ಹಾಕಿದರು. ಪಕ್ಕದ ತುಂಡನ್ನು ಹಾಗೇ ಬಿಟ್ಟರು. ಎರಡು ಮೂರು ವಾರ ಕಳೆಯಿತು. ಗೊಬ್ಬರ ಹಾಕಿದ ಜಾಗದ ಕಲ್ಲು ಬೆಳ್ಳಗೆ ಕಾಣತೊಡಗಿತು. ಪಕ್ಕದ್ದು ಕಪ್ಪಾಗೇ ಇತ್ತು. ಕಪ್ಪು ಗೋಡೆಯಲ್ಲಿ ಒಂದು ಚೌಕ ಸುಣ್ಣ ಬಳಿದ ಹಾಗೆ.

ಅನುಮಾನ ಪಡುವವರು ಬಿಡಲಿಲ್ಲ. "ಅದು ಎಣ್ಣೆಗೆ ಅಂಟುವ ಗೊಬ್ಬರ. ಅದರಲ್ಲಿ ಸೋಪಿನಂಥ ವಸ್ತು ಇದೆ. ಅದೇ ತೊಳೆದಿರಬೇಕು. ಬ್ಯಾಕ್ಟೀರಿಯಾ ಏನೂ ಮಾಡಿಲ್ಲ" ಅಂದರು. ಒಳ್ಳೆಯ ಪ್ರಶ್ನೆ. ಹೀಗೆ ಕೇಳಬೇಕು. ಆಗ ಇನ್ನೊಂದು ದಂಡೆಯಲ್ಲಿ ಸೋಪಿನ ಅಂಶವಿಲ್ಲದ ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿದರು. ಅಲ್ಲೂ ಎಣ್ಣೆ ಹೋಯಿತು. ಅಲ್ಲಿಗೆ ಮಾತು ಇತ್ಯರ್ಥವಾಯಿತು. ಆ ಬೇಸಿಗೆಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದಂಡೆಗೆ ಗೊಬ್ಬರ ಹಾಕಿದರು. ಎಣ್ಣೆ ಕರಗುವ ಕೆಲಸ ಎರಡು ಮೂರು ಪಟ್ಟು, ಕೆಲವು ಕಡೆ ಅದಕ್ಕೂ ಹೆಚ್ಚು ಬೇಗ ಆಯಿತು.

ಮರುವರ್ಷ, 1990ರಲ್ಲಿ, ಬ್ಯಾಕ್ಟೀರಿಯಾ ಮಾರುವ ಕಂಪನಿಗಳ ಸರಕನ್ನೂ ದಂಡೆಯಲ್ಲಿ ಪರೀಕ್ಷೆ ಮಾಡಿದರು. ಬರೀ ಗೊಬ್ಬರ ಹಾಕಿದ್ದಕ್ಕಿಂತ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಲ್ಲಿನ ಜೀವಿಗಳೇ ಅಲ್ಲಿಗೆ ಸಾಕಾಗಿದ್ದವು. ಈ ಸಂಗತಿ ನಮಗೆ ಬಹಳ ಹಿಡಿಸಿತು. ಊರಿನವರಿಗೆ ಊಟ ಕೊಟ್ಟರೆ ಊರಿನ ಕೆಲಸ ಆಗುತ್ತದೆ, ಹೊರಗಿನ ಆಳು ಯಾವಾಗಲೂ ಬೇಕಿಲ್ಲ.

ಆದರೆ ಕತೆ ಅಲ್ಲಿಗೇ ಚೆನ್ನಾಗಿ ಮುಗಿಯಲಿಲ್ಲ. 2001ರಲ್ಲಿ, ಅಂದರೆ 12 ವರ್ಷದ ಮೇಲೆ, ಮತ್ತೆ ಹೋಗಿ ನೋಡಿದರು. ಎಣ್ಣೆ ಬಿದ್ದಿದ್ದ ದಂಡೆಗಳಲ್ಲಿ ಸಾವಿರಾರು ಗುಂಡಿ ತೋಡಿದರು. ಮೇಲೆ ನೋಡಿದರೆ ಚೊಕ್ಕಟ. ಕೆಳಗೆ ತೋಡಿದರೆ, ನೋಡಿದ ದಂಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಎಣ್ಣೆ ಇನ್ನೂ ಇತ್ತು! ಏಕೆ? ಕೆಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಆ ಜೀವಿಗಳು ಕೆಲಸ ಮಾಡಲಾರವು. ಅಥವಾ ಬಹಳ ನಿಧಾನ ಮಾಡುತ್ತವೆ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಅಸ್ಸಾಂ, ಗುಜರಾತ್ ಕಡೆ ನೆಲದಿಂದ ಎಣ್ಣೆ ತೆಗೆಯುತ್ತಾರೆ. ಪೈಪು ಒಡೆದರೆ ಎಣ್ಣೆ ಹೊಲಕ್ಕೆ ನುಗ್ಗುತ್ತದೆ. ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳಲ್ಲಿ ತೊಟ್ಟಿಯ ತಳದಲ್ಲಿ ಎಣ್ಣೆ ಕೆಸರು ಕೂಡುತ್ತದೆ. ದೆಹಲಿಯ ಟೆರಿ ಎಂಬ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆಂದೇ ಕೆಲವು ಬಗೆಯ ಬ್ಯಾಕ್ಟೀರಿಯಾ ಆರಿಸಿ ಬೆಳೆಸಿದರು. ಅವನ್ನು ಯಾವುದರಲ್ಲಿ ಬೆರೆಸಿ ಕಳಿಸುತ್ತಾರೆ ಗೊತ್ತಾ? ಮೆಕ್ಕೆಜೋಳದ ತೆನೆಯಿಂದ ಕಾಳು ಬಿಡಿಸಿದ ಮೇಲೆ ಒಂದು ದಿಂಡು ಉಳಿಯುತ್ತಲ್ಲ, ನಾವು ಒಲೆಗೆ ಹಾಕುತ್ತೇವಲ್ಲ, ಅದರ ಪುಡಿಯಲ್ಲಿ! ಅದನ್ನು ಎಣ್ಣೆ ಮಣ್ಣಿಗೆ ಬೆರೆಸುತ್ತಾರೆ. ಪೋಷಕ ಹಾಕುತ್ತಾರೆ, ನೀರು ಚಿಮುಕಿಸುತ್ತಾರೆ, ಆಗಾಗ ಉಳುತ್ತಾರೆ. ಕೆಲವು ತಿಂಗಳು ಹಿಡಿಯುತ್ತದೆ. ಕಾರ್ಖಾನೆಯ ಕೆಸರಿನಂಥ ಕಡೆ ಎಣ್ಣೆ ವಿಪರೀತ ಇರುತ್ತದೆ, ಜೀವಿಗಳು ಕಡಿಮೆ ಇರುತ್ತವೆ. ಅಂಥ ಕಡೆ ಹೊರಗಿನಿಂದ ಬೆಳೆಸಿ ತಂದವು ಉಪಯೋಗಕ್ಕೆ ಬರುತ್ತವೆ.

2017ರ ಜನವರಿ 28ರಂದು ಚೆನ್ನೈ ಹತ್ತಿರದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದವು. ದಪ್ಪ ಎಣ್ಣೆ ದಂಡೆಗೆ ಬಂತು. ಜನ ಬಕೆಟ್ಟಿನಲ್ಲಿ ಮೊಗೆದು ಮೊಗೆದು ತೆಗೆದರು. ಮೊಗೆದ ಕೆಸರನ್ನು ಸರಿಪಡಿಸಲು ಅಲ್ಲೂ ಬ್ಯಾಕ್ಟೀರಿಯಾ ಬಳಸಿದರು. ಮೊದಲು ಬಕೆಟ್ಟು, ಆಮೇಲೆ ಬ್ಯಾಕ್ಟೀರಿಯಾ. ಈ ಸಾಲು ನೆನಪಿರಲಿ, ಇದೇ ಮಾತು ಮುಂದೆ ಬರುತ್ತದೆ.

ಇನ್ನೊಬ್ಬರನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಬಂಗಾಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆನಂದ ಚಕ್ರವರ್ತಿ ಎಂಬ ವಿಜ್ಞಾನಿ, ಹಲವು ಬಗೆಯ ಎಣ್ಣೆ ತಿನ್ನುವ ಗುಣಗಳನ್ನು ಒಂದೇ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. ಜೀವ ಇರುವ ವಸ್ತುವಿನ ಮೇಲೆ ಒಬ್ಬರು ಹಕ್ಕು ಪಡೆಯಬಹುದೇ ಎಂದು ದೊಡ್ಡ ವ್ಯಾಜ್ಯವೇ ನಡೆಯಿತು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪಡೆಯಬಹುದು ಎಂದು ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಹೌದು ಅಂದರು, ನಾಲ್ವರು ಇಲ್ಲ ಅಂದರು. ಇಷ್ಟೆಲ್ಲ ಆದರೂ ಆ ಬ್ಯಾಕ್ಟೀರಿಯಾವನ್ನು ಚೆಲ್ಲಿದ ಎಣ್ಣೆಯ ಮೇಲೆ ಬಿಡಲೇ ಇಲ್ಲ. ಮನುಷ್ಯ ಮಾರ್ಪಡಿಸಿದ ಜೀವಿಯನ್ನು ಬಯಲಿಗೆ ಬಿಡಲು ಭಯವಿತ್ತು. ಕೆಲಸ ನಡೆಸುತ್ತಿರುವುದು ಮಣ್ಣಿನ ಹಳೆಯ ಜೀವಿಗಳೇ.

ಈಗ ನಮ್ಮ ಅಕ್ಕನ ಪಂಪಿನ ಜಾಗ. ಅಲ್ಲಿ ದಿನಾ ಡೀಸೆಲ್ ತೊಟ್ಟಿಕ್ಕುತ್ತಿದೆ. ಜೀವಿಗಳು ತಿನ್ನುವುದಕ್ಕಿಂತ ಬೀಳುವುದೇ ಹೆಚ್ಚು. ತುಳಿದು ತುಳಿದು ನೆಲ ಗಟ್ಟಿಯಾಗಿದೆ, ಗಾಳಿ ಹೋಗುವುದಿಲ್ಲ. ಎಣ್ಣೆ ನೆಂದ ಮಣ್ಣು ನೀರನ್ನೂ ಕುಡಿಯುವುದಿಲ್ಲ. ಗೊಬ್ಬರ ಅಂತೂ ಅಲ್ಲಿಗೆ ಯಾರೂ ಹಾಕುವುದಿಲ್ಲ. ಗಾಳಿ ಇಲ್ಲ, ನೀರು ಇಲ್ಲ, ಗೊಬ್ಬರ ಇಲ್ಲ. ಪಾಪ, ಅವು ಏನು ಮಾಡಿಯಾವು?

ಮೊದಲು ಸೋರುವುದನ್ನು ನಿಲ್ಲಿಸಬೇಕು. ಪಂಪಿನ ಅಡಿ ಒಂದು ಹಳೆಯ ತಗಡಿನ ತಟ್ಟೆ ಇಟ್ಟರೂ ಆದೀತು. ಹೊಸದಾಗಿ ಚೆಲ್ಲಿದರೆ ನೀರು ಹಾಕಿ ತೊಳೆಯಬೇಡಿ. ತೊಳೆದರೆ ಎಣ್ಣೆ ಬಾವಿಯ ಕಡೆಗೆ ಹೋಗುತ್ತದೆ. ಮರದ ಹೊಟ್ಟು ಇಲ್ಲವೇ ಒಣ ಮಣ್ಣು ಹಾಕಿ ಹೀರಿಸಿ. ಬೆಂಕಿ ಹಚ್ಚುವುದು ಬೇಡವೇ ಬೇಡ. ಕಪ್ಪು ಮಣ್ಣನ್ನು ಅಗೆದು ತೆಗೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಬಾವಿಗೆ, ಹಳ್ಳಕ್ಕೆ ದೂರವಾದ ಎತ್ತರದ ಜಾಗದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಹರಡಿ. ಒಂದು ಗೇಣಿಗಿಂತ ದಪ್ಪ ಬೇಡ. ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಬೆರೆಸಿ. ಅದರಲ್ಲಿ ಸಾರಜನಕ, ರಂಜಕ ಇದೆ, ಜೀವಿಗಳೂ ಇವೆ. ನೀರು ಚಿಮುಕಿಸಿ, ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ಕೆಸರು ಮಾಡಿದರೆ ಗಾಳಿ ಹೋಗುವುದಿಲ್ಲ. ವಾರಕ್ಕೊಮ್ಮೆ ಗುದ್ದಲಿಯಿಂದ ಮಗುಚಿ. ಮಳೆ ಬಂದರೆ ಮುಚ್ಚಿ. ಮಕ್ಕಳು, ಕೋಳಿ, ದನ ಅದರ ಹತ್ತಿರ ಹೋಗದಿರಲಿ. ಕೆಲವು ತಿಂಗಳಲ್ಲಿ ವಾಸನೆ ಕಡಿಮೆಯಾಗುತ್ತದೆ. ವಾಸನೆ ಹೋಯಿತೆಂದು ಆ ಮಣ್ಣಿನಲ್ಲಿ ಸೊಪ್ಪು ತರಕಾರಿ ಹಾಕಬೇಡಿ. ಎಣ್ಣೆಯ ಗಟ್ಟಿ ಭಾಗ, ಡಾಂಬರಿನಂಥದು, ಬಹಳ ವರ್ಷ ಹಾಗೇ ಇರುತ್ತದೆ.

ಇದು ನಾಲ್ಕಾರು ಬುಟ್ಟಿ ಡೀಸೆಲ್ ಮಣ್ಣಿಗೆ ಹೇಳಿದ ಮಾತು. ಇಂಜಿನ್ನಿನಿಂದ ತೆಗೆದ ಹಳೆಯ ಕಪ್ಪು ಎಣ್ಣೆಗೆ ಇದು ಸಾಲದು. ಅದರಲ್ಲಿ ಸೀಸ, ಸತುವಿನಂಥ ಲೋಹ ಸೇರಿರಬಹುದು. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಗೆದ್ದಲು ಬರದಿರಲಿ ಎಂದು ಕೆಲವರು ಈ ಎಣ್ಣೆಯನ್ನು ಕಂಬದ ಬುಡಕ್ಕೆ ಸುರಿಯುತ್ತಾರೆ. ಒಂದು ಲೀಟರ್ ಹಳೆಯ ಎಣ್ಣೆ 10 ಲಕ್ಷ ಲೀಟರ್ ನೀರು ಕೆಡಿಸಬಲ್ಲದು ಎಂದು ಹೇಳುತ್ತಾರೆ. ಅದನ್ನು ಡಬ್ಬದಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಡಿ. ಗ್ಯಾರೇಜಿನವರು ಅದನ್ನು ಪರವಾನಗಿ ಇರುವವರಿಗೇ ಕೊಡಬೇಕು ಎಂದು ಕಾನೂನು ಇದೆ.

ಉಳಿದದ್ದು ಬಾವಿ. ಮೇಲಿನ ಮಣ್ಣಿನ ಎಣ್ಣೆಯನ್ನು ಜೀವಿಗಳು ತಿಂದಾವು. ಆದರೆ ಆಳಕ್ಕೆ ಇಳಿದು ಅಂತರ್ಜಲ ಸೇರಿದ ಎಣ್ಣೆ ಅಲಾಸ್ಕದ ಕಲ್ಲಿನಡಿಯ ಎಣ್ಣೆಯ ಹಾಗೆ. ಅಲ್ಲಿ ಗಾಳಿ ಕಡಿಮೆ. ವರ್ಷಗಟ್ಟಲೆ ಇರುತ್ತದೆ. ಆದ್ದರಿಂದ ನೀರಿಗೆ ಡೀಸೆಲ್ ಅಥವಾ ಸೀಮೆ ಎಣ್ಣೆ ವಾಸನೆ ಬಂದರೆ ಕುಡಿಯಬೇಡಿ, ಅಡುಗೆಗೂ ಬೇಡ. ಕುದಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುದಿಸಿದರೆ ಸಾಯುವುದು ಕಾಯಿಲೆಯ ಜೀವಿಗಳು. ಎಣ್ಣೆ ಸಾಯುವಂಥದಲ್ಲ.

ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಜಿಲ್ಲೆಯಲ್ಲಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯ ಇದೆ. ಆದರೆ ಮಾಮೂಲಿ ಪರೀಕ್ಷೆಯಲ್ಲಿ ಉಪ್ಪು, ಫ್ಲೋರೈಡ್, ಕಾಯಿಲೆಯ ಜೀವಿಗಳು, ಇಂಥವನ್ನು ನೋಡುತ್ತಾರೆ. ಎಣ್ಣೆಯನ್ನು ನೋಡದೆ "ನೀರು ಚೆನ್ನಾಗಿದೆ" ಎಂದು ಚೀಟಿ ಕೊಡಬಹುದು. ಹಾಗಾಗಿ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಬಾವಿ ಎಲ್ಲಿದೆ, ಯಾವ ತಿಂಗಳಿನಿಂದ ವಾಸನೆ ಬರುತ್ತಿದೆ, ಎಣ್ಣೆ ಚೆಲ್ಲಿದ ಜಾಗ ಎಷ್ಟು ಮಾರು ದೂರ, ಎಷ್ಟು ಮನೆಯವರು ಆ ನೀರು ಕುಡಿಯುತ್ತಾರೆ. ಕೊನೆಗೆ "ನೀರಿನಲ್ಲಿ ಡೀಸೆಲ್ ಇದೆಯೇ ಎಂದು ಪರೀಕ್ಷೆ ಮಾಡಿಸಿ" ಎಂಬ ಒಂದು ಸಾಲು.

ಪಾಠ 14ರಲ್ಲಿ ಅರ್ಜಿ ಬರೆಯುವುದನ್ನು ಕಲಿತಿದ್ದೀರಿ. ಹಾಳೆ ನಾವು ತಂದಿದ್ದೇವೆ. ಆ ಅಕ್ಕ ಮುಂದೆ ಬಂದು ಕೂರಲಿ. ಅವರು ಹೇಳಲಿ, ಒಬ್ಬರು ಬರೆಯಿರಿ, ಆ ಬಾವಿಯ ನೀರು ಸೇದುವವರೆಲ್ಲ ಕೆಳಗೆ ಸಹಿ ಹಾಕಿ.